ಗುಡುಗಮ್ಮ ಒಗೆದು ಹಾಕಿದ ಶಾಲು

ಹೆಂಗಸರ ವಾರ್ಡಿನ ಆಯಾಳನ್ನು ಆಸ್ಪತ್ರೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗುಡುಗಮ್ಮ ಎಂದರೆ ಸಾಕಿತ್ತು. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಿದ್ದರು, ಮೆಟ್ಟಿಲು ಗುಡಿಸುವವಳೂ ಹಾಗೇ ಕರೆಯುತ್ತಿದ್ದಳು. ಮೂರನೆಯ ಮಹಡಿಯಲ್ಲಿ ಅವಳು ಬಾಯಿ ತೆರೆದರೆ ಕೆಳಗೆ ಗೇಟಿನಲ್ಲಿ ತೂಕಡಿಸುತ್ತಿದ್ದ ವಾಚ್‌ಮನ್ ಬೆಚ್ಚಿ ಎದ್ದು ಟೋಪಿ ಸರಿಮಾಡಿಕೊಳ್ಳುತ್ತಿದ್ದ.

ಆ ಗಂಟಲು ಹುಟ್ಟಿನಿಂದ ಬಂದದ್ದಲ್ಲ, ಮಗ್ಗದ ಕಾರ್ಖಾನೆ ಕೊಟ್ಟದ್ದು. ಲಂಗ ಎತ್ತಿ ಕಟ್ಟಿಕೊಂಡು ನೂಲಿನ ಬುಟ್ಟಿ ಹೊರುವ ವಯಸ್ಸಿಗೇ ಅವಳು ಆ ಶೆಡ್ಡಿನೊಳಗೆ ಸೇರಿದ್ದಳು. ಸಾಲು ಸಾಲು ಯಂತ್ರದ ಮಗ್ಗಗಳು ಒಟ್ಟಿಗೇ ಬಡಿಯುವ ಜಾಗ ಅದು. ಪಕ್ಕದವಳ ಕಿವಿಗೆ ಬಾಯಿ ಹಚ್ಚಿದರೂ ಮಾತು ಮುಟ್ಟದು. ಮಗ್ಗದಿಂದ ಲಾಳಿ ತಪ್ಪಿಸಿಕೊಂಡರೆ ಕಬ್ಬಿಣದ ತುದಿಯ ಆ ಮರದ ತುಂಡು ಗುಂಡಿನ ಹಾಗೆ ಹಾರುತ್ತಿತ್ತು. ನೋಡಿದವರು ಕೂಗಬೇಕು, ಉಳಿದವರು ತಲೆ ಬಗ್ಗಿಸಬೇಕು. ಒಂದು ದಿನ ನೋಡಿದವಳು ಅವಳೇ. ಕೂಗಿದ್ದೂ ಹೌದು. ಆದರೆ ದನಿ ಸಾಲಲಿಲ್ಲ. ಜೊತೆಯ ಹುಡುಗಿ "ಏನೇ?" ಎಂದು ಕೇಳಲು ತಲೆ ಎತ್ತಿದಳು, ಲಾಳಿ ನೇರ ಕಣ್ಣಿಗೇ ಬಂದು ನಾಟಿತು. ಬಿಳಿ ನೂಲಿನ ಹಾಸಿನ ಮೇಲೆ ರಕ್ತ ಚಿಮ್ಮಿದರೂ ಮಗ್ಗ ನಿಲ್ಲಲಿಲ್ಲ, ಕೆಂಪು ಬಟ್ಟೆಯನ್ನು ನೇಯುತ್ತಲೇ ಹೋಯಿತು. ಅಂದಿನಿಂದ ಅವಳು ಯಾವ ಮಾತನ್ನೂ ಮೆಲ್ಲಗೆ ಆಡಲಿಲ್ಲ. ಉಪ್ಪು ಕೊಡಿ ಎನ್ನುವುದನ್ನೂ ಲಾಳಿ ಹಾರಿದ ಹಾಗೆಯೇ ಹೇಳುತ್ತಿದ್ದಳು.

ಮದುವೆಯಾದವನು ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಮಾತಿಗಿಂತ ಕೈ ಮುಂದು. ಮೊದಲು ಕೆನ್ನೆಗೆ, ಆಮೇಲೆ ಬೆನ್ನಿಗೆ, ಕೊನೆಗೆ ಸೊಂಟದ ಬೆಲ್ಟು. ಬೆಲ್ಟಿನ ಹಿತ್ತಾಳೆ ಅವಳ ಹುಬ್ಬು ಸೀಳಿದ ದಿನ ಬಾಗಿಲ ಹಿಂದೆ ಒರಗಿಸಿದ್ದ ಮಗ್ಗದ ಹಳೆಯ ಹೊಡೆಗೋಲು ಕೈಗೆ ಸಿಕ್ಕಿತು. ಒಂದೇ ಏಟು. ಭುಜದ ಮೂಳೆ ಒಣ ಕಡ್ಡಿಯಂತೆ ಲಟಕ್ಕೆಂದಿತು. ಅವನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಇದೇ ಆಸ್ಪತ್ರೆಗೆ ತಂದವಳೂ ಅವಳೇ. ಕಟ್ಟು ಕಟ್ಟುವವನು "ಪಾಪ, ಯಾರಮ್ಮಾ ಹೀಗೆ ಹೊಡೆದದ್ದು?" ಎಂದು ಕೇಳಿದ.

"ನಾನೇ!"

ಕಾರಿಡಾರಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ತಿರುಗಿ ನೋಡಿದರು. ಹುಬ್ಬಿನಿಂದ ಇಳಿಯುತ್ತಿದ್ದ ರಕ್ತವನ್ನು ತೋಳಿನಲ್ಲಿ ಒರೆಸಿಕೊಂಡು ನಿಂತ ಅವಳನ್ನು ಅಂದಿನ ನರ್ಸಮ್ಮ ಮೇಲಿಂದ ಕೆಳಗೆ ನೋಡಿ, "ಕೆಲಸ ಬೇಕಾ? ಹುಚ್ಚು ಹಿಡಿದವರನ್ನ ಹಿಡಿದು ಕೂರಿಸೋಕೆ ಇಂಥ ಕೈಯೇ ಬೇಕು" ಎಂದಳು. ಹಾಗೆ ಆಯಾ ಆದಳು. ಗಂಡ ಬದುಕಿದಷ್ಟು ಕಾಲ ಮತ್ತೆ ಅವಳ ಮೇಲೆ ಕೈ ಎತ್ತಲಿಲ್ಲ. ಎತ್ತಬೇಕೆಂದರೂ ಆ ಕೈ ಪೂರ್ತಿ ಮೇಲೇಳುತ್ತಲೂ ಇರಲಿಲ್ಲ.

ವಾರ್ಡಿನಲ್ಲಿ ಅವಳ ಎರಡು ವಿಷಯ ಎಲ್ಲರಿಗೂ ಗೊತ್ತು. ಒಂದು ಬಾಯಿ, ಇನ್ನೊಂದು ಕೈ.

ಬಾಯಿಯದು ನಗೆಪಾಟಲು. "ಕೆಮ್ಮಿನಜ್ಜೀ, ಹೊರಕಡೆ ಆಯ್ತಾ ಇವತ್ತು?" ಎಂದು ಬಾಗಿಲಲ್ಲೇ ನಿಂತು ಕೇಳುವಳು. ಮೂಲೆಯ ಹಾಸಿಗೆಯ ಕೆಮ್ಮಿನಜ್ಜಿಯೂ ಕಡಿಮೆಯವಳಲ್ಲ. "ಕೆಳಗೆ ವಾಚ್‌ಮನ್‌ಗೆ ಸರಿಯಾಗಿ ಕೇಳಿಸಲಿಲ್ವಂತೆ, ಇನ್ನೊಂದ್ಸಲ ಕೂಗೇ!" ಎಂದು ತಿರುಗಿಸುವಳು. ವಾರ್ಡು ಬಿದ್ದು ಬಿದ್ದು ನಗುತ್ತಿತ್ತು. ಆದರೆ ಒಮ್ಮೆ, ನೋಡಲು ಬರುವವರ ಹೊತ್ತಿನಲ್ಲಿ, "ಗರ್ಭ ಹೋಗಿದ್ದು ಯಾರಿಗಮ್ಮಾ, ಬಿಸಿನೀರು ಬಂತು!" ಎಂದು ಕೂಗಿಬಿಟ್ಟಳು. ಕಿಟಕಿ ಪಕ್ಕದ ಹೊಸ ಸೊಸೆ ಅತ್ತೆಗೆ ಆ ಸಂಗತಿ ಹೇಳಿರಲಿಲ್ಲ. ಅತ್ತೆ ಹಾಸಿಗೆಯ ಬದಿಯಲ್ಲೇ ಕುಳಿತಿದ್ದಳು. ಅವಳು ಎದ್ದಳು, ಸೊಸೆಯ ಕೆನ್ನೆಗೆ ಫಟಾರನೆ ಬಿಗಿದಳು, ತಂದಿದ್ದ ಊಟದ ಡಬ್ಬಿ ಎತ್ತಿಕೊಂಡು ಹೋದಳು. ಸೊಸೆ ಗೋಡೆಯ ಕಡೆ ತಿರುಗಿ ಮಲಗಿದವಳು ಮನೆಗೆ ಹೋಗುವವರೆಗೆ ಈ ಕಡೆ ತಿರುಗಲಿಲ್ಲ.

ದೊಡ್ಡ ಸಿಸ್ಟರ್, ಅಂದರೆ ಈಗಿನ ಹೆಡ್ ನರ್ಸು, ಗುಡುಗಮ್ಮನನ್ನು ಬಟ್ಟೆ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. "ಇಲ್ಲಿ ಮಲಗಿರೋರ ಮೈ ಮೇಲೆ ಬಟ್ಟೇನೇ ಸರಿಯಾಗಿ ಇರಲ್ಲ. ಉಳಿದಿರೋದು ಒಂದಿಷ್ಟು ಗುಟ್ಟು. ಅದನ್ನೂ ನೀನು ಬಿಚ್ಚಿ ಎಸೀತೀಯಾ?"

"ನಾನು ಬೇಕು ಅಂತ ಮಾಡ್ಲಿಲ್ಲ ಸಿಸ್ಟರ್..."

"ಅದನ್ನೂ ಕೂಗಿ ಹೇಳ್ತಿದೀಯ ನೋಡು!"

ಇನ್ನು ಕೈಯ ವಿಷಯ. ಆ ಕೈ ತೊಳೆದು ತೆಗೆಯಲಾಗದ ರಕ್ತದ ಕಲೆಯೇ ಇರಲಿಲ್ಲ. ಗಲಾಟೆಯಲ್ಲಿ, ಅಪಘಾತದಲ್ಲಿ ಬಂದವರ ಬಟ್ಟೆಯನ್ನು ಮನೆಯವರು ಕೊಂಡೊಯ್ಯುತ್ತಿದ್ದರು. ಯಾರೂ ಇಲ್ಲದವರದ್ದನ್ನು ಗುಡುಗಮ್ಮ ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸಿ, ಉಜ್ಜಿ, ಹಿಂಡಿ, ವಾರ್ಡಿನ ಹಿಂದಿನ ಬಾಲ್ಕನಿಯ ಕಂಬಿಗೆ ಹರವುತ್ತಿದ್ದಳು. ಕೆಳಗೆ ಬಸ್‌ಸ್ಟಾಪು. ಮನೆಗೆ ಹೋಗುವ ದಿನ ಹೆಂಗಸು ತನ್ನದೇ ಬಟ್ಟೆಯಲ್ಲಿ, ಮಡಿಕೆ ಬಿಚ್ಚಿ, ಕಲೆ ಇಲ್ಲದೆ ಹೋಗಬೇಕು ಎನ್ನುವುದು ಅವಳ ಹಟ. ಹೇಳಿ ಮಾಡಿಸಿದ ಕೆಲಸವಲ್ಲ ಅದು. ಅವಳು ಹಿಂಡಿದ ಬಟ್ಟೆಯಲ್ಲಿ ತೊಟ್ಟು ನೀರೂ ಉಳಿಯುತ್ತಿರಲಿಲ್ಲ. "ಇವಳ ಕೈಗೆ ಕುತ್ತಿಗೆ ಕೊಡಬೇಡಿ ಯಾರೂ" ಎಂದು ಕೆಮ್ಮಿನಜ್ಜಿ ತಮಾಷೆ ಮಾಡುತ್ತಿದ್ದಳು.

ಟೈಲರ್ ಹುಡುಗಿ ಬಂದದ್ದು ಅಂಥ ದಿನಗಳಲ್ಲಿ.

ಸ್ಟ್ರೆಚರಿನಿಂದ ಹಾಸಿಗೆಗೆ ಎತ್ತಿ ಹಾಕುವಾಗ ಗುಡುಗಮ್ಮನಿಗೆ ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ. ಹಿಡಿದ ಕಡೆಯೆಲ್ಲ ಹುಡುಗಿ ನರಳಿದಳು. ಪಕ್ಕೆಲುಬು ಮುರಿದು ಒಳಗೆ ಚುಚ್ಚಿತ್ತು. ಎದೆಯ ಬದಿಗೆ ತೂತು ಮಾಡಿ ಕೊಳವೆ ಹಾಕಿದ್ದರು, ಕೊಳವೆಯಲ್ಲಿ ಕೆಂಪು ನೊರೆ ಏರಿಳಿಯುತ್ತಿತ್ತು. ಒಂದು ಕಣ್ಣು ಬದನೆಕಾಯಿಯಷ್ಟು ಊದಿಕೊಂಡಿತ್ತು. ಕೂದಲು ಕಿತ್ತು ಬಂದ ಕಡೆ ನೆತ್ತಿ ಬಿಳಿಚಿಕೊಂಡಿತ್ತು. ಬಲಗೈಯ ಬೆರಳುಗಳ ಮೇಲೆ ಬೂಟಿನ ಅಡಿಯ ಅಚ್ಚು ಹಾಗೇ ಮೂಡಿತ್ತು. ಹೊಲಿಯುವವಳ ಕೈ ಅದು. ತುಳಿದವನಿಗೆ ಅದು ಗೊತ್ತಿತ್ತು.

ಗಂಡ ಗುಜರಿ ಅಂಗಡಿಯಲ್ಲಿ ಹಳೆಯ ಕಬ್ಬಿಣ ಕತ್ತರಿಸುವವನು. ಅವಳು ಅವನನ್ನು ಬಿಟ್ಟು ಬೇರೆ ಕೋಣೆ ಮಾಡಿಕೊಂಡಿದ್ದಳು. ಹೊಲಿಗೆ ಅಂಗಡಿಯ ಮುಂದೆ ಕಾದಿದ್ದು, ಬೀದಿಯಲ್ಲೇ ಬೀಳಿಸಿ ತುಳಿದು, ಜನ ಸೇರುತ್ತಿದ್ದಂತೆ ಓಡಿಹೋಗಿದ್ದ. ಓಡುವಾಗ ಹೇಳಿದ್ದನ್ನು ಕೇಳಿದವರು ಹಲವರು: "ಸತ್ತಿಲ್ಲ ಅಂತ ಗೊತ್ತಾದ್ರೆ ಬರ್ತೀನಿ."

ಪೊಲೀಸರು ಹರಿದ ಅಂಗಿ ಒಯ್ದರು, ಶಾಲು ಬಿಟ್ಟು ಹೋದರು. ದೊಡ್ಡ ಸಿಸ್ಟರ್ ಗೇಟಿನ ವಾಚ್‌ಮನ್‌ನಿಂದ ಹಿಡಿದು ಎಲ್ಲರನ್ನೂ ಕರೆದು ಹೇಳಿದಳು: "ಯಾರು ಬಂದು ಕೇಳಿದ್ರೂ ಇಲ್ಲಿ ಅಂಥವಳು ಯಾರೂ ಇಲ್ಲ. ತಾಯಿ ಅಂದ್ರೂ ಇಲ್ಲ, ತಂಗಿ ಅಂದ್ರೂ ಇಲ್ಲ. ಹೆಸರು ಯಾರ ಬಾಯಲ್ಲೂ ಬರಬಾರದು. ಹಾಸಿಗೆಗೆ ಪರದೆ ಹಾಕಿ." ಆಮೇಲೆ ಒಬ್ಬಳ ಕಡೆಗೇ ತಿರುಗಿದಳು. "ಗುಡುಗಮ್ಮ, ನಿನ್ನ ಬಾಯಲ್ಲಿ ಒಂದು ಜೀವ ಇದೆ ಅಂದ್ಕೋ."

ಗುಡುಗಮ್ಮ ಗೋಣು ಮಾತ್ರ ಹಾಕಿದಳು. ಅವಳು ಗೋಣು ಹಾಕಿ ಸುಮ್ಮನಾದದ್ದನ್ನು ವಾರ್ಡು ಮೊದಲ ಸಲ ನೋಡಿತು.

ಅಂದಿನಿಂದ ಅವಳ ಬಾಯಿಗೆ ಬೀಗ ಬಿತ್ತು. ಬಿಸಿನೀರು ತಂದರೆ ಹಾಸಿಗೆಯ ಹತ್ತಿರ ಹೋಗಿ ಬಗ್ಗಿ ಪಿಸುಗುಟ್ಟುವಳು. ಆ ಪಿಸುಮಾತು ಬೇರೆಯವರ ಸಾಧಾರಣ ಮಾತಿನಷ್ಟಿತ್ತು ನಿಜ, ಆದರೂ ಪಿಸುಮಾತೇ. "ಏನೇ ಗುಡುಗೇ, ಗಂಟಲಿಗೆ ಹಾವು ಕಚ್ಚಿತಾ? ನಾನು ಸತ್ತೆ ಅಂತ ಮಾಡ್ಕೊಂಡು ಮೆಲ್ಲಗೆ ಮಾತಾಡ್ತಿದೀಯಾ?" ಎಂದು ಕೆಮ್ಮಿನಜ್ಜಿ ಕೆಣಕಿದರೂ ಬಾಯಿ ಬಿಡಲಿಲ್ಲ. ಗುಜರಿಯವನು ಗೇಟಿಗೆ ಬಂದ, ಹೆಂಡತಿಯ ಹೆಸರು ಹೇಳಿ ಕೇಳಿದ. ವಾಚ್‌ಮನ್ ಇಲ್ಲವೆಂದ. ಅವನು ಆಸ್ಪತ್ರೆಯ ಹಿಂದಿನ ಬಸ್‌ಸ್ಟಾಪಿನಲ್ಲಿ ಕುಳಿತು, ಬೀಡಿ ಸೇದಿ, ಎದ್ದು ಹೋದ. ಇಲ್ಲಿ ಇಲ್ಲವೆಂದು ನಂಬಿಯೇ ಹೋದ.

ಹುಡುಗಿಗೆ ಮಾತು ಹೊರಡಲು ಶುರುವಾದ ಮೇಲೆ ಮೊದಲು ಕೇಳಿದ್ದು, "ನನ್ನ ಶಾಲು ಎಲ್ಲಿ?"

ಶಾಲು ಮಂಚದ ಕೆಳಗೆ ಗಂಟಾಗಿತ್ತು. ರಕ್ತ ಒಣಗಿ ಹಲಗೆಯಂತಾಗಿತ್ತು. ಅಂಗಡಿಯಲ್ಲಿ ಉಳಿದ ಚೂರುಬಟ್ಟೆಗಳನ್ನು ಒಂದಕ್ಕೊಂದು ಕೂಡಿಸಿ ಹುಡುಗಿ ತಾನೇ ಹೊಲಿದುಕೊಂಡದ್ದು. ಹಳದಿ ಚೌಕ, ನೀಲಿ ಪಟ್ಟೆ, ಯಾರದೋ ಕೋಟಿನ ಕಪ್ಪು ತುಂಡು. ಅಂಥದ್ದು ಊರಲ್ಲೇ ಇನ್ನೊಂದಿರಲಿಲ್ಲ. ಗುಡುಗಮ್ಮ ಅದನ್ನು ಎತ್ತಿಕೊಂಡು ಹೋಗಿ ತಣ್ಣೀರಿಗೆ ಹಾಕಿದಳು. ನೀರು ಕೆಂಪಾಯಿತು, ಚೆಲ್ಲಿದಳು. ಮತ್ತೆ ಕೆಂಪಾಯಿತು, ಮತ್ತೆ ಚೆಲ್ಲಿದಳು. ಹಿಂಡಿದಳು. ಎಂದಿನಂತೆ ಬಾಲ್ಕನಿಗೆ ಒಯ್ದು ಕಂಬಿಯ ಮೇಲೆ ಉದ್ದಕ್ಕೆ ಹರವಿ, ಗಾಳಿಗೆ ಹಾರದಂತೆ ತುದಿ ಗಂಟು ಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಒಂದು ಕಲೆಯೂ ಇರಲಿಲ್ಲ. ಹೊಟ್ಟೆ ತಣ್ಣಗಾಯಿತು.

ಬಾಯಿಯನ್ನು ಅಷ್ಟು ಕಾದವಳಿಗೆ ಕೈಯನ್ನೂ ಕಾಯಬೇಕೆಂದು ತೋಚಲೇ ಇಲ್ಲ.

ಗುಜರಿಯವನು ಬೇರೆ ಆಸ್ಪತ್ರೆಗಳನ್ನೆಲ್ಲ ಸುತ್ತಿ, ಸೋತು, ಬಸ್ಸು ಬದಲಾಯಿಸಲು ಅದೇ ಸ್ಟಾಪಿನಲ್ಲಿ ಇಳಿದಿದ್ದ. ಬೀಡಿ ಹಚ್ಚಿ ಹೊಗೆ ಬಿಡಲು ತಲೆ ಎತ್ತಿದ. ಮೂರನೆಯ ಮಹಡಿಯ ಕಂಬಿಯಲ್ಲಿ ಹಳದಿ ಚೌಕ, ನೀಲಿ ಪಟ್ಟೆ, ಕಪ್ಪು ತುಂಡು.

ನೋಡಲು ಬರುವವರ ಹೊತ್ತು ಅದು. ಮುಂದಿನ ಗೇಟಿನಲ್ಲಿ ವಾಚ್‌ಮನ್ ಗುರುತು ಹಿಡಿಯುವನೆಂದು ಅವನು ಕೊಳೆಬಟ್ಟೆ ಇಳಿಸುವ ಹಿಂದಿನ ಮೆಟ್ಟಿಲು ಹತ್ತಿದ. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಹಣ್ಣಿನ ಚೀಲ ಹಿಡಿದವನನ್ನು ಆಸ್ಪತ್ರೆಯಲ್ಲಿ ಯಾರು ತಡೆಯುತ್ತಾರೆ?

ಗುಡುಗಮ್ಮ ಬಕೆಟ್ಟು ಹಿಡಿದು ಬಾಲ್ಕನಿಗೆ ಬಂದಾಗ ಯಾರೋ ಗಂಡಸು ಬೆನ್ನು ಹಾಕಿ ನಿಂತಿದ್ದ. ಕಂಬಿಯಿಂದ ಶಾಲು ಬಿಚ್ಚಿ, ಹೆಗಲಿಗೆ ಹಾಕಿಕೊಂಡು ತುದಿಯನ್ನು ಮೂಸುತ್ತಿದ್ದ.

"ಯಾರಪ್ಪಾ ನೀನು? ಆ ಬಟ್ಟೆ ಯಾಕೆ ಮುಟ್ತೀಯ?"

ಅವನು ತಿರುಗಿ ನಕ್ಕ. "ಚೆನ್ನಾಗಿ ಒಗೆದಿದೀಯಮ್ಮಾ. ಗುರುತೇ ಇಲ್ಲ. ನಾನೆಷ್ಟು ಕಷ್ಟಪಟ್ಟು ಹಾಕಿದ್ದೆ ಆ ಕಲೇನ."

 ಯಾರು, ಏನು, ಹೇಗೆ ಎಲ್ಲವೂ ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಇಷ್ಟು ದಿನ ಕಟ್ಟಿಟ್ಟ ಗಂಟಲು ಒಡೆಯಿತು. "ಬಂದಾ! ಅವನು ಬಂದಾ! ಬನ್ರೋ! ಬಾಗಿಲು ಹಾಕ್ರೋ!"

ಒಳಗೆ ವಾರ್ಡಿನಲ್ಲಿ ನಗು ಎದ್ದಿತು. "ಅಬ್ಬಾ, ಬಂತಪ್ಪಾ ಗುಡುಗು! ಇಷ್ಟು ದಿನ ಹೇಗೆ ತಡ್ಕೊಂಡಿದ್ಲೋ" ಎಂದು ಯಾರೋ ಹೇಳಿದ್ದು ಅವಳಿಗೇ ಕೇಳಿಸಿತು. ಕೆಳಗೆ ವಾಚ್‌ಮನ್ ಟೋಪಿ ಸರಿಮಾಡಿಕೊಂಡು ಮತ್ತೆ ಕುಳಿತ. ವರ್ಷಗಟ್ಟಲೆ ಬಿಸಿನೀರಿಗೂ ಬೆಡ್‌ಪ್ಯಾನಿಗೂ ಅದೇ ಕೂಗು ಕೂಗಿದವಳ ಮಾತಿಗೆ ಒಬ್ಬರೂ ಎದ್ದು ಬರಲಿಲ್ಲ.

ಅವನು ಅವಳ ಕೂದಲಿಗೆ ಕೈ ಹಾಕಿ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಹಣ್ಣುಗಳು ಉರುಳಿದವು. ಚೀಲದ ತಳದಿಂದ ತೆಗೆದದ್ದು ಗರಗಸದ ಅಲಗು. ಕಲ್ಲಿಗೆ ಉಜ್ಜಿ ಒಂದು ಕಡೆ ಚೂಪು ಮಾಡಿ, ಹಿಡಿಗೆ ಚಿಂದಿ ಸುತ್ತಿದ್ದ. ಅವಳು ಕಾಲು ಹಿಡಿದಳು. ಬೂಟಿನಿಂದ ದವಡೆಗೆ ಒದ್ದ. ಒಳಗೆ ಏನೋ ಕಳಚಿತು, ಬಾಯಿ ಹಲ್ಲು ಮತ್ತು ರಕ್ತದಿಂದ ತುಂಬಿತು. ಕೂಗಲು ಹೋದರೆ ಬಾಯಿ ತೆರೆದುಕೊಂಡೇ ಉಳಿಯಿತು, ದನಿ ಹೊರಡಲಿಲ್ಲ.

ಯಾವ ಹಾಸಿಗೆ ಎಂದು ಅವನು ಹುಡುಕಬೇಕಾಗಿರಲಿಲ್ಲ. ಇಡೀ ವಾರ್ಡಿನಲ್ಲಿ ಪರದೆ ಹಾಕಿದ್ದು ಒಂದೇ ಹಾಸಿಗೆಗೆ.

ಪರದೆಯನ್ನು ಕಂಬಿಯ ಸಮೇತ ಎಳೆದು ಬೀಳಿಸಿದ. ಹುಡುಗಿಗೆ ಏಳಲಾಗದು, ಕೊಳವೆ ಕಟ್ಟಿಹಾಕಿತ್ತು. ಅವನನ್ನು ಕಂಡದ್ದೇ ತುಳಿಸಿಕೊಂಡ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಮೊದಲ ಏಟು ಅಂಗೈ ತೂರಿ ಕೆನ್ನೆ ಮುಟ್ಟಿತು. ಎರಡನೆಯದು ಹೆಗಲಿಗೆ. ಗ್ಲೂಕೋಸಿನ ಬಾಟಲಿ ನೆಲಕ್ಕೆ ಬಿದ್ದು ಚೂರಾಯಿತು. ಎದೆಯ ಕೊಳವೆ ಕಿತ್ತು ಬಂದು ಹಾಸಿಗೆಯ ಮೇಲೆಲ್ಲ ಕೆಂಪು ಹರಿಯಿತು. ವಾರ್ಡು ಈಗ ಕಿರುಚಿತು. ನೋಡಲು ಬಂದವರು ಊಟದ ಡಬ್ಬಿ ಬಿಟ್ಟು ಗೋಡೆಗೆ ಅಂಟಿಕೊಂಡರು. ಅವನು ಮೂರನೆಯ ಏಟಿಗೆ ಕೈ ಎತ್ತಿದ.

ಆಗ ಹಿಂದಿನಿಂದ ಒದ್ದೆ ಬಟ್ಟೆ ಅವನ ತಲೆಯ ಮೇಲೆ ಬಿತ್ತು.

ಬಾಲ್ಕನಿಯಲ್ಲಿ ಅವನ ಹೆಗಲಿನಿಂದ ಜಾರಿ ಬಿದ್ದಿದ್ದ ಶಾಲು ಅದು. ಗುಡುಗಮ್ಮ ಅದನ್ನು ಅವನ ಮುಖದ ಮೇಲಿಂದ ಕುತ್ತಿಗೆಗೆ ಇಳಿಸಿ, ಎರಡು ತುದಿಯನ್ನೂ ಹಿಡಿದು, ಬೆನ್ನಿಗೆ ಮಂಡಿ ಊರಿ, ಹಿಂಡಿದಳು. ದಿನಾ ಹಿಂಡುವ ಹಾಗೆಯೇ. ಒಂದು ಸುತ್ತು, ಇನ್ನೊಂದು ಸುತ್ತು. ಅವನು ಹಿಂದಕ್ಕೆ ಅಲಗು ಬೀಸಿದ. ಅದು ಅವಳ ತೊಡೆಗೆ ಇಳಿಯಿತು, ಎಳೆದು ಮತ್ತೆ ಇಳಿಸಿದ. ಅವಳು ಬಿಡಲಿಲ್ಲ. ಕೆಮ್ಮಿನಜ್ಜಿ ಮಂಚ ಇಳಿದು, ಉಸಿರು ಎಳೆಯುತ್ತ, ತಾನು ಉಗುಳುವ ಕಬ್ಬಿಣದ ಪಾತ್ರೆಯನ್ನು ಎತ್ತಿ ಅವನ ಮಣಿಕಟ್ಟಿಗೆ ಕುಟ್ಟಿದಳು. ಅಲಗು ಬಿತ್ತು. "ತಗೋ! ಹಣ್ಣು ತಂದ್ಯಾ ಹಣ್ಣು!" ಎಂದು ಇನ್ನೊಂದು ಕುಟ್ಟಿದಳು. ಅವನ ಮೊಣಕಾಲು ಮಡಿಚಿಕೊಂಡಿತು. ಕಾಲು ನೆಲವನ್ನು ಬಡಿಯಿತು, ಆಮೇಲೆ ಬಡಿಯುವುದೂ ನಿಂತಿತು. ಗುಡುಗಮ್ಮ ಇನ್ನೂ ಹಿಂಡುತ್ತಲೇ ಇದ್ದಳು.

ದೊಡ್ಡ ಸಿಸ್ಟರ್ ಓಡಿ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಬಿಡು. ಬಿಡು ಗುಡುಗಮ್ಮ. ಸಾಯ್ತಾನೆ. ಸತ್ರೆ ನೀನು ಜೈಲಿಗೆ ಹೋಗ್ತೀಯ. ಬಿಡು."

ಅವನು ಸಾಯಲಿಲ್ಲ. ಕುತ್ತಿಗೆಯ ಸುತ್ತ ಚೂರುಬಟ್ಟೆಯ ಹೊಲಿಗೆಯ ಅಚ್ಚು ಹೊತ್ತುಕೊಂಡು, ಕೈಗೆ ಕೋಳ ಹಾಕಿಸಿಕೊಂಡು ಹೋದ.

ಹುಡುಗಿಯನ್ನು ಆಪರೇಷನ್ನಿಗೆ ಒಯ್ದರು. ಉಳಿದಳು. ಗುಡುಗಮ್ಮನ ದವಡೆಯನ್ನು ತಂತಿಯಲ್ಲಿ ಬಿಗಿದು, ತೊಡೆ ಹೊಲಿದು, ಅದೇ ವಾರ್ಡಿನಲ್ಲಿ ಕೆಮ್ಮಿನಜ್ಜಿಯ ಪಕ್ಕಕ್ಕೆ ಮಲಗಿಸಿದರು. ಅವಳ ಬದಲಿಗೆ ಬಂದ ಆಯಾ ಬಾಗಿಲಲ್ಲೇ ನಿಂತು, "ಗುಡುಗಮ್ಮಂಗೆ ಹೊರಕಡೆ ಆಯ್ತಾ?" ಎಂದು ಕೂಗಿದಳು. ನೋಡಲು ಬಂದಿದ್ದ ಗಂಡಸರೂ ಹೆಂಗಸರೂ ತಿರುಗಿ ನೋಡಿದರು. ಗುಡುಗಮ್ಮ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಕಿಟಕಿ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಆ ಸೊಸೆಯ ಬೆನ್ನು ನೆನಪಿಗೆ ಬಂತು.

ಹುಡುಗಿಯನ್ನು ಬೇರೆ ಊರಿಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಹೊರಡುವ ಮುಂಚೆ ಗಾಲಿಕುರ್ಚಿಯಲ್ಲಿ ಕುಳಿತು ಗುಡುಗಮ್ಮನ ಹಾಸಿಗೆಯ ಹತ್ತಿರ ಬಂದಳು. 

"ಶಾಲು ನೀವೇ ಹೊರಗೆ ಹಾಕಿದ್ದಂತೆ."

ಗುಡುಗಮ್ಮ ಗೋಣು ಹಾಕಿದಳು. ಕಣ್ಣು ತಪ್ಪಿಸಲಿಲ್ಲ.

"ನಿಮ್ಮ ಮೇಲೆ ಸಿಟ್ಟಿದೆ ಅಮ್ಮ. ಈ ಬೆರಳು ಇನ್ನು ಸೂಜಿ ಹಿಡಿಯಲ್ವಂತೆ. ನಿಮ್ಮ ಕಾಲಿಗೆ ಬೀಳಬೇಕು ಅಂತಾನೂ ಅನ್ಸುತ್ತೆ. ಎರಡನ್ನೂ ಒಟ್ಟಿಗೆ ಹೇಗೆ ಮಾಡ್ಲಿ, ಹೇಳಿ?"

 ಗುಡುಗಮ್ಮನ ಕಣ್ಣಿನಿಂದ ನೀರು ಕಿವಿಯೊಳಗೆ ಇಳಿಯಿತು. ಹುಡುಗಿ ಒಳ್ಳೆಯ ಕೈಯಿಂದ ಅದನ್ನು ಒರೆಸಿ, ಬಗ್ಗಿ, ಎಲ್ಲಿಗೆ ಹೋಗುತ್ತಿದ್ದೇನೆಂದು ಅವಳ ಕಿವಿಯಲ್ಲಿ ಹೇಳಿದಳು. ಊರು, ಬೀದಿ, ಇಟ್ಟುಕೊಳ್ಳಲು ಒಪ್ಪಿದವರ ಗುರುತು ಎಲ್ಲ ಹೇಳಿದಳು. "ನಾನು ಸತ್ರೆ ಗೊತ್ತಾಗೋಕೆ ಒಬ್ಬರಾದ್ರೂ ಬೇಕಲ್ಲ" ಎಂದಳು.

"ಈ ಜಗತ್ತಲ್ಲಿ ಇವಳೊಬ್ಬಳೇ ಸಿಕ್ಕಿದ್ಲಾ ನಿನಗೆ ಗುಟ್ಟು ಹೇಳೋಕೆ!" ಎಂದು ಕೆಮ್ಮಿನಜ್ಜಿ ಕೆಮ್ಮಿ ಕೆಮ್ಮಿ ನಕ್ಕಳು. ಹುಡುಗಿಯೂ ಪಕ್ಕೆ ಹಿಡಿದುಕೊಂಡು ನಕ್ಕಳು.

ಗುಜರಿಯವನ ತಾಯಿ ಬಂದದ್ದು ಗುಡುಗಮ್ಮನ ದವಡೆಯ ತಂತಿ ಬಿಚ್ಚಿದ ದಿನವೇ. ಬೆಳಿಗ್ಗೆ ಬಿಚ್ಚಿದ್ದರು, ಸಂಜೆ ಅವಳು ಬಂದಳು. ಸಣ್ಣ ಹೆಂಗಸು, ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಹಾಸಿಗೆಯ ಅಂಚಿಗೆ ಕುಳಿತು ಗುಡುಗಮ್ಮನ ಕಾಲು ಒತ್ತತೊಡಗಿದಳು.

"ಅಕ್ಕಾ, ನೀನೂ ಹೆಂಗಸು. ನನಗೆ ಇರೋನು ಅವನೊಬ್ಬ. ಅವನ ತಮ್ಮಂದಿರು ಇದಾರೆ ಅಂತ ಹೆಸರಿಗೆ, ಅವರು ಅವನಿಗಿಂತ ಕಡೆ. ಸೊಸೆ ಒಂದ್ಸಲ ಬಂದು ದೂರು ಬೇಡ ಅಂದ್ರೆ ಅವನು ಹೊರಗೆ ಬರ್ತಾನೆ. ಅವಳ ಕಾಲು ಹಿಡ್ಕೋತೀನಿ. ಎಲ್ಲಿದಾಳೆ ಹೇಳಕ್ಕಾ. ನಿನಗೆ ಗೊತ್ತಂತೆ."

ಮೆಟ್ಟಿಲ ಬಾಗಿಲಲ್ಲಿ ಇಬ್ಬರು ಗಂಡಸರು ಒಳಗೆ ಬಾರದೆ ನಿಂತಿದ್ದರು. ಒಬ್ಬನ ಕೈಯಲ್ಲಿ ಹಣ್ಣಿನ ಚೀಲವಿತ್ತು. ಗುಡುಗಮ್ಮನ ಕಣ್ಣು ಒಮ್ಮೆ ಆ ಕಡೆ ಹೋಗಿ ಬಂತು. ಗಂಟಲಲ್ಲಿ ಬೈಗುಳ ಎದ್ದು ನಾಲಿಗೆಯ ತುದಿಗೆ ಬಂದು ನಿಂತಿತು. ಬಾಯಿ ತೆರೆದರೆ ಮಾತಾಡಬಲ್ಲಳೆಂದು ತಿಳಿಯುತ್ತದೆ. ತಿಳಿದರೆ ಬಿಡುವುದಿಲ್ಲ. ಹೊಸದಾಗಿ ಕೂಡಿದ ದವಡೆ ನೋಯುವಷ್ಟು ಹಲ್ಲು ಕಚ್ಚಿದಳು. ಕೆನ್ನೆಯ ಕಟ್ಟನ್ನು ಬೆರಳಿಂದ ತೋರಿಸಿ, ಆಗದು ಎಂಬಂತೆ ಕೈ ಆಡಿಸಿದಳು.

"ತಲೆ ಆದ್ರೂ ಆಡಿಸೇ. ಈ ಊರಲ್ಲಿದಾಳಾ?"

ತಲೆ ಆಡಲಿಲ್ಲ.

ಕಾಲು ಒತ್ತುತ್ತಿದ್ದ ಕೈ ನಿಂತಿತು. ಆ ಬೆರಳುಗಳು ಹೊದಿಕೆಯ ಮೇಲಿಂದಲೇ ಇನ್ನೂ ಮಾಯದ ತೊಡೆಯ ಗಾಯವನ್ನು ಹುಡುಕಿ, ಸಿಕ್ಕ ಮೇಲೆ, ಉಗುರು ಊರಿ ಅದುಮಿದವು. "ನನ್ನ ಮಗನ ಕುತ್ತಿಗೆ ಹಿಂಡಿದ ಮುಂಡೆ. ಮಾತಾಡೇ. ಗುಡುಗಮ್ಮ ಅಂತಲ್ಲ ನೀನು, ಗುಡುಗೇ ಈಗ!"

ಹೊದಿಕೆಯ ಮೇಲೆ ರಕ್ತ ಮೂಡಿತು. ಗುಡುಗಮ್ಮನ ಕಣ್ಣುಗಳು ಅಗಲವಾದವು. ಮೂಗಿನಿಂದ ಬಿಸಿಯುಸಿರು ಬಂತು. ತುಟಿ ಬಿಡಲಿಲ್ಲ. ಕೆಮ್ಮಿನಜ್ಜಿ ಆ ಹೆಂಗಸಿನ ಜಡೆಗೆ ಕೈ ಹಾಕಿ ಎಳೆದಳು. ದೊಡ್ಡ ಸಿಸ್ಟರ್ ವಾಚ್‌ಮನ್‌ನನ್ನು ಕರೆಯುತ್ತ ಓಡಿ ಬಂದಳು. ಹೊರಗೆ ನೂಕಿಸಿಕೊಳ್ಳುವಾಗ ತಾಯಿ ಹಾಸಿಗೆಯ ಮೇಲೆ ಉಗಿದು ಹೋದಳು. ಬಾಗಿಲಲ್ಲಿದ್ದ ಇಬ್ಬರೂ ಅವಳ ಹಿಂದೆಯೇ ಇಳಿದುಹೋದರು.

"ಬೆಳಿಗ್ಗೆ ತಂತಿ ಬಿಚ್ಚಿದಾರಲ್ಲೇ! ಒಂದು ಕೂಗು ಹಾಕಬಾರದಿತ್ತಾ?" ಎಂದಳು ಕೆಮ್ಮಿನಜ್ಜಿ, ಏದುಸಿರು ಬಿಡುತ್ತ.

ಗುಡುಗಮ್ಮ ಕಾಲನ್ನು ನೆಲಕ್ಕೆ ಇಳಿಸಿದಳು. ರಕ್ತವಾದ ಹೊದಿಕೆಯನ್ನು ಸುತ್ತಿ ಬಗಲಿಗೆ ಹಾಕಿಕೊಂಡು, ಗೋಡೆ ಹಿಡಿದು ನೀರಿನ ಕೋಣೆಗೆ ಹೋದಳು. ತೊಳೆದಳು, ಹಿಂಡಿದಳು. ಬಾಲ್ಕನಿಯ ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಕೆಳಗೆ ಬಸ್‌ಸ್ಟಾಪಿನಲ್ಲಿ ಆ ಮೂವರೂ ಮೇಲೆ ನೋಡುತ್ತ ನಿಂತಿದ್ದರು. ಅವಳು ಹಿಂದಕ್ಕೆ ಬಂದು, ಒದ್ದೆ ಹೊದಿಕೆಯನ್ನು ತನ್ನ ಮಂಚದ ತಲೆದೆಸೆಯ ಕಂಬಿಗೇ ಹಾಕಿದಳು. ಅದರಿಂದ ಒಂದು ತೊಟ್ಟೂ ನೀರು ಬೀಳಲಿಲ್ಲ.